ಎರಡು ಸೀಟಿ, ಒಂದು ಡಿಕ್ಕಿ

ಮೊದಲು ನನ್ನ ಹುಚ್ಚಾಟ ಹೇಳಿಬಿಡುತ್ತೇನೆ. ಕೊಪ್ಪಳದಲ್ಲಿ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಫೈನಲ್‌ಗೆ ನಾನು ರೆಫರಿ. ಫೌಲ್ ಕೊಡುವಾಗಲೆಲ್ಲ ಜೊತೆಗಾರ ರೆಫರಿಯ ನಕಲು ಮಾಡುತ್ತಿದ್ದೆ. ಅವರು ಗಂಗಾವತಿಯ ಹಿರಿಯ ಪಿ.ಟಿ. ಮಾಸ್ತರರು, ಮದುವೆಯಲ್ಲಿ ಗಂಡಿನ ಕಡೆಯ ಬೀಗರು ನಿಂತಂತೆ ಹೊಟ್ಟೆ ಮುಂದೆ ಬಿಟ್ಟು ನಿಲ್ಲುತ್ತಾರೆ. ನಾನೋ, ಕೋಲಿಗೆ ಅಂಗಿ ತೊಡಿಸಿದ ಹಾಗಿದ್ದೇನೆ. ಆದರೂ ಜನ ನಕ್ಕರು. ನಕ್ಕಷ್ಟೂ ನಾನು ಉಬ್ಬಿದೆ.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಡಿಕ್ಕಿಯಾದಾಗ ಇಬ್ಬರೂ ಸೀಟಿ ಊದಿದರೆ ಮುಷ್ಟಿ ಮಾತ್ರ ಎತ್ತಿ ನಿಲ್ಲಬೇಕು. ತಪ್ಪು ಯಾರದೆಂದು ತೋರಿಸುವ ಮೊದಲು ಒಬ್ಬರ ಮುಖ ಇನ್ನೊಬ್ಬರು ನೋಡಬೇಕು. ಆಟ ಯಾರ ಹತ್ತಿರ ನಡೆದಿತ್ತೋ ಅವರದು ತೀರ್ಪು. ಮರೆತು ಇಬ್ಬರೂ ಬೇರೆ ಬೇರೆ ತೋರಿಸಿದರೆ ಕೂಡಿ ಮಾತಾಡಬೇಕು. ಇಷ್ಟೇ. ಇದಕ್ಕೇನು ಪಿಎಚ್‌ಡಿ ಬೇಕಿಲ್ಲ.

ಕೊನೆಯ ನಿಮಿಷ. ಯಲಬುರ್ಗಾದ ನಾಯಕಿಯ ಮೇಲೆ ಆಗಲೇ ನಾಲ್ಕು ಫೌಲ್, ಐದಾದರೆ ಹೊರಗೆ. ಅವಳಿಲ್ಲದೆ ಆ ತಂಡ ಗೆಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಚೆಂಡು ಪುಟಿಸುತ್ತ ಬುಟ್ಟಿಯತ್ತ ನುಗ್ಗಿದಳು. ಎದುರಾಳಿ ಕುಷ್ಟಗಿಯ ಹುಡುಗಿ ಅಡ್ಡ ಸರಿದಳು, ಇಬ್ಬರೂ ಬಿದ್ದರು. ನಾವಿಬ್ಬರೂ ಒಟ್ಟಿಗೇ ಸೀಟಿ ಊದಿದೆವು. ಬುಟ್ಟಿಯ ಕೆಳಗೇ ಇದ್ದ ನನಗೆ ಸರಿದ ಕಾಲು ಕಂಡಿತ್ತು. ಮುಷ್ಟಿ ಎತ್ತಿ ನಿಲ್ಲುವುದು ಬಿಟ್ಟು, ಮತ್ತೆ ಬೀಗರಾಗಿ ಹೊಟ್ಟೆ ಮುಂದೆ ಬಿಟ್ಟು ಸೊಂಟಕ್ಕೆ ಎರಡೂ ಕೈ ಇಟ್ಟೆ: ಅಡ್ಡ ಬಂದವಳ ತಪ್ಪು. ಅದೇ ಹೊತ್ತಿಗೆ ಮಾಸ್ತರರು ಅಂಕಣದ ನಡುಗೆರೆಯಿಂದ ಅಂಗೈಗೆ ಮುಷ್ಟಿ ಗುದ್ದಿ ತೋರಿಸಿದರು: ನುಗ್ಗಿದವಳ ತಪ್ಪು.

ಮಾತಾಡಲು ಹೋದೆ. ಏನು ನೋಡಿದೆ ಎಂದು ಅವರು ಕೇಳಲೇ ಇಲ್ಲ.

"ನಾ ಸೀಟಿ ಹಿಡದಾಗ ನಿನಗ ಚಡ್ಡಿ ಹಾಕ್ಕೊಳ್ಳಾಕ ಬರ್ತಿದ್ದಿಲ್ಲ. ಮಂದಿ ಮುಂದ ನನ್ನ ಚೇಷ್ಟಿ ಮಾಡ್ತಿ ಏನು? ಕೈ ಇಳಸು."

ಇಳಿಸಿದೆ. ಐದನೇ ಫೌಲ್ ಬಿದ್ದು ನಾಯಕಿ ಹೊರಗೆ ಹೋದಳು, ತಂಡ ಸೋತಿತು. ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಮೇಲಿನ ಸಿಟ್ಟನ್ನು ಒಬ್ಬ ಹುಡುಗಿಯ ಆಟದ ಮೇಲೆ ತೀರಿಸಿಕೊಂಡ ಮಾಸ್ತರರು, ಬಹುಮಾನ ಹಂಚುವಾಗ ನ್ಯಾಯ, ಶಿಸ್ತು ಅಂತ ಭಾಷಣ ಬಿಗಿದರು. ಕೆಳಗೆ ಕೂತ ಹೇಡಿ ನಾನು ಚಪ್ಪಾಳೆಯನ್ನೂ ತಟ್ಟಿದೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆ ತಂಡ ಯಲಬುರ್ಗಾ ಬಸ್ಸಿಗೆ ಕಾಯುತ್ತ ಕೂತಿತ್ತು. ಸಮಾಧಾನ ಮಾಡುವ ಬೇರೆ ವಿದ್ಯೆ ನನಗೆ ಗೊತ್ತಿಲ್ಲ. ಮಾಸ್ತರರ ಭಾಷಣವನ್ನು ಅವರದೇ ದನಿಯಲ್ಲಿ ಮಾಡಿ ತೋರಿಸಿದೆ. ಉಳಿದವರು ನಕ್ಕರು. ಬೂಟಿನ ಲೇಸು ಬಿಚ್ಚುತ್ತಿದ್ದ ನಾಯಕಿ ತಲೆ ಎತ್ತಿದಳು.

"ಸರ್, ಅವರ ದನಿ ಭಾಳ ಛಲೋ ತೆಗಿತೀರಿ. ಅವಾಗ ನಿಮ್ಮ ದನಿ ಎಲ್ಲಿ ಹೋಗಿತ್ರಿ?"