ತೊಟ್ಟು ಮುರಿದ ಹಿತ್ತಾಳೆ ಎಲೆ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾನೂ ನನ್ನ ಹೆಂಡತಿ ಶಾರದೆಯೂ ಸೋಲದೇವನಹಳ್ಳಿಯಿಂದ ಹೊರಟೆವು. ಬ್ಯಾಟರಾಯನಪುರದ ಹುಡುಗನ ಮನೆಯಲ್ಲಿ ಅಂದು ನಮ್ಮ ಮಗಳ ಮದುವೆಗೆ ತಾಂಬೂಲ ಬದಲಾಯಿಸುವುದಿತ್ತು. ಮಗಳು, ನೆಂಟರು ವ್ಯಾನಿನಲ್ಲಿ ಮುಂದೆ ಹೋಗಿದ್ದರು. ಹಿಂದೊಂದು ಸಂಬಂಧ ಇದೇ ಹಂತಕ್ಕೆ ಬಂದು, ಅಪಶಕುನವಾಯಿತೆಂದು ತಪ್ಪಿಹೋಗಿತ್ತು. ಈ ಹುಡುಗನ ಅಜ್ಜಿಯೂ ಶಕುನ ನೋಡುವವರೆಂದು ಕೇಳಿ ನಮಗೆ ಅಳುಕಿತ್ತು.

ನಾವು ಹಿಂದುಳಿದದ್ದು ತಾಂಬೂಲದ ತಟ್ಟೆಗಾಗಿ. ನಮ್ಮೂರಿನಲ್ಲಿ ಹಿತ್ತಾಳೆ ಸಾಮಾನು ಮಾಡುವ ಶೆಡ್ಡೊಂದರಲ್ಲಿ ಅದನ್ನು ಮಾಡಿಸಿದ್ದೆವು. ಅಲ್ಲಿದ್ದ ತಾವರೆ ಬಟ್ಟಲು, ಹಲಸಿನೆಲೆ ದೀಪಗಳ ನಡುವೆ ನಮ್ಮದು ವೀಳ್ಯದೆಲೆಯ ಆಕಾರದ, ಮೊರದಗಲದ ಹಿತ್ತಾಳೆ ತಟ್ಟೆ. ನರ ಒಂದೊಂದನ್ನೂ ಬಡಿದು ಎಬ್ಬಿಸಿ, ಗೇಣುದ್ದದ ತೊಟ್ಟನ್ನು ಬೆಸುಗೆ ಹಾಕಿದ್ದರು. ನೋಡಿದರೆ ಕಣ್ಣು ತಂಪಾಗುತ್ತಿತ್ತು.

ಆಟೋದವನು ಐನೂರು ಕೇಳಿದ. ಇದ್ಯಾವ ನ್ಯಾಯ ಎಂದು ಬೈದು ಬಸ್ಸು ಹತ್ತಿದೆ. ಯಶವಂತಪುರದಲ್ಲಿ ಬಸ್ಸು ಬದಲಾಯಿಸಿದಾಗ, ಮಾರುಕಟ್ಟೆಯಿಂದ ಬಂದ ಈರುಳ್ಳಿ ಮೂಟೆಯೊಂದು ತಟ್ಟೆಯಿದ್ದ ನಮ್ಮ ಚೀಲದ ಮೇಲೆ ಉರುಳಿತು. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಾಗ ಶಾರದೆ ಚೀಲ ಬಿಚ್ಚಿದಳು. ತೊಟ್ಟು ಬೇರೆ, ಎಲೆ ಬೇರೆ.

"ಬಡ್ಕೊಂಡೆ ಕಣ್ರೀ, ಆಟೋ ಮಾಡಿ ಅಂತ!" ಎಂದು ಅತ್ತೇಬಿಟ್ಟಳು.

ಕಂಡಕ್ಟರ್ ಇಣುಕಿ ನೋಡಿ, "ಗಮ್ ಹಾಕಿ ಸಾರ್, ಯಾರಿಗ್ ಗೊತ್ತಾಗತ್ತೆ?" ಎಂದ.

"ಸುಮ್ನಿರಪ್ಪಾ, ಶುಭಕಾರ್ಯ," ಎಂದೆ. ಸೆಕೆಗೆ ಮುಖ ಒರೆಸಿಕೊಳ್ಳುವವನಂತೆ ನಾನೂ ಕಣ್ಣೊರೆಸಿಕೊಂಡೆ.

ಬ್ಯಾಟರಾಯನಪುರದಲ್ಲಿ ಇಳಿದು ಹುಡುಗನ ಮನೆ ಸೇರಿದ ಕೂಡಲೇ ಕಾಫಿ ಕೊಟ್ಟರು. ಲೋಟವನ್ನು ಹಾಗೇ ಪಕ್ಕಕ್ಕಿಟ್ಟೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಇನ್ನೂ ಕಷ್ಟವೆಂದು ತಟ್ಟೆಯನ್ನೂ ತೊಟ್ಟನ್ನೂ ಅಜ್ಜಿಯ ಮುಂದಿಟ್ಟು, "ಬಸ್ಸಲ್ಲಿ ಮುರೀತಮ್ಮ. ತಪ್ಪು ನಂದು, ಮಗಳದ್ದಲ್ಲ," ಎಂದೆ. ನಡುಮನೆಯಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಮಗಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಜ್ಜಿ ನರಗಳ ಮೇಲೆ ಬೆರಳಾಡಿಸಿ, "ಏನ್ ಚೆಂದಾಗೈತಪ್ಪ!" ಎಂದರು. ಆಮೇಲೆ ತೊಟ್ಟನ್ನು ಎತ್ತಿ ನೋಡಿ ನಕ್ಕುಬಿಟ್ಟರು.

"ಅಲ್ಲಾ ಕಣಪ್ಪ, ತೊಟ್ಟು ಮುರೀದೆ ಯಾರಾನಾ ಎಲೆ ಆಕ್ಕೋತಾರಾ? ನಂಗೊಂದ್ ಕೆಲ್ಸ ಉಳಿಸ್ದೆ. ಕೊಡು ಇತ್ಲಾಗೆ, ಶಾಸ್ತ್ರಕ್ಕೆ ಒತ್ತಾಯ್ತದೆ."

ಅಬ್ಬಾ! ಹೋದ ಜೀವ ಬಂದಂತಾಯಿತು. ಆ ತಟ್ಟೆಯಲ್ಲೇ ತಾಂಬೂಲ ಬದಲಾಯಿತು. ನಾನು ನಾಚಿಕೆ ಬಿಟ್ಟು ನಾಲ್ಕು ಹೋಳಿಗೆ ತಿಂದೆ.

ಸಂಜೆ ಆಟೋ ಹತ್ತುವಾಗ ತಿರುಗಿ ನೋಡಿದೆ. ಜಗಲಿಯಲ್ಲಿ ಕೂತ ಅಜ್ಜಿ ಎಲೆಯಡಿಕೆ ಮೆಲ್ಲುತ್ತಾ, ಆ ಹಿತ್ತಾಳೆ ತೊಟ್ಟಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು.