ರೇಣವ್ವನ ಗುಮ್ಮ

ಹೂವಿನ ಹಿಪ್ಪರಗಿಯ ಅಂಗನವಾಡಿಯಲ್ಲಿ ರೇಣವ್ವ ಇಪ್ಪತ್ತೆಂಟು ವರ್ಷದಿಂದ ಆಯಾ. ಎಂಥ ಹಟಮಾರಿ ಕೂಸಾದರೂ ಅವಳೆದುರು ತಟ್ಟೆ ಖಾಲಿ ಮಾಡಿಯೇ ಏಳಬೇಕು. ತಾಯಂದಿರು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದರು. ಉಪಾಯ ಮಾತ್ರ ಹಳೆಯದು: ಕಿಟಕಿಯತ್ತ ಬೆರಳು ತೋರಿಸಿ, ಗುಮ್ಮ ಬಂತು, ಉಣ್ಣದವರನ್ನು ಹಿಡಿದುಕೊಂಡು ಹೋಗುತ್ತದೆ ಎನ್ನುವುದು. ಕಿಟಕಿಯಾಚೆ ಸಾಮಾನ್ಯವಾಗಿ ಯಾರೂ ಇರುತ್ತಿರಲಿಲ್ಲ.

ಹೋದ ವರ್ಷ ಊರಿನ ಆಸ್ಪತ್ರೆಗೆ ಕಾವೇರಿ ಎಂಬ ನರ್ಸು ಬಂದಳು. ಯಲ್ಲಾಪುರ ಕಡೆಯ, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ನೆಲೆಸಿದ ಸಿದ್ದಿ ಜನರ ಹುಡುಗಿ. ಕಡುಗಪ್ಪು ಮೈ, ಗುಂಗುರು ಕೂದಲು. ಅಚ್ಚ ಕನ್ನಡ ಆಡಿದರೂ ಜನ ಅವಳನ್ನು ಯಾವ ದೇಶ ಎಂದು ಕೇಳುವುದು ಬಿಡಲಿಲ್ಲ. ದಿನಾ ಊಟದ ಹೊತ್ತಿಗೆ ಅಂಗನವಾಡಿ ಮುಂದೆ ಹಾದುಹೋಗುತ್ತಿದ್ದಳು. ರೇಣವ್ವನಿಗೆ ಪುಕ್ಕಟೆ ಗುಮ್ಮ ಸಿಕ್ಕಂತಾಯಿತು. ಅವಳತ್ತ ಬೆರಳು ಮಾಡಿದರೆ ಸಾಕು, ತಟ್ಟೆಗಳು ಚೊಕ್ಕ. ಇದರಲ್ಲೇನೋ ತಪ್ಪಿದೆ ಎಂದು ರೇಣವ್ವನ ತಲೆಗೆ ಹೊಳೆಯಲೇ ಇಲ್ಲ.

ಲಸಿಕೆ ಹಾಕುವ ಸರದಿ ಮೊದಲ ಸಲ ತನಗೆ ಬಂದ ಗುರುವಾರ ಕಾವೇರಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಳು. ಇಪ್ಪತ್ತು ಮಕ್ಕಳು ಒಮ್ಮೆಗೇ ಕಿರುಚಿ ತಾಯಂದಿರ ಸೆರಗಿಗೆ ಜೋತುಬಿದ್ದವು. ರೇಣವ್ವನ ಮೊಮ್ಮಗಳು ಸುನೀತಾ ಅಕ್ಕಿಚೀಲದ ಹಿಂದೆ ಅಡಗಿ ಉಚ್ಚೆ ಹೊಯ್ದುಕೊಂಡಳು. ಬೇರೆ ನರ್ಸು ಬಂದಾಗ ಹಾಕಿಸುತ್ತೇವೆ ಎಂದು ತಾಯಂದಿರು ಎದ್ದು ಹೊರಟರು. ಮುಂದಿನ ಗುರುವಾರವೂ ಹೀಗಾದರೆ ತನ್ನನ್ನು ಬೇರೆ ಊರಿಗೆ ಕಳಿಸುತ್ತಾರೆ ಎಂದು ಕಾವೇರಿ ಪೆಟ್ಟಿಗೆ ಮುಚ್ಚುತ್ತ ಹೇಳಿದಳು.

ರೇಣವ್ವ ಸುಮ್ಮನಿದ್ದಿದ್ದರೆ ಕಾವೇರಿಗೆ ಏನೂ ತಿಳಿಯುತ್ತಿರಲಿಲ್ಲ.

"ತಪ್ಪು ನಂದೈತ್ರಿ ನರ್ಸಬಾಯಿ. ಕೂಸುಗಳು ಉಣ್ಲಿ ಅಂತ ನಿಮ್ಮನ್ನ ತೋರ್ಸಿ ಗುಮ್ಮ ಬಂತು ಅಂತಿದ್ನಿರಿ."

ಕಾವೇರಿ ಪೆಟ್ಟಿಗೆಯನ್ನು ಕೆಳಗಿಟ್ಟಳು. "ನಮ್ಮೂರ ಅಂಗನವಾಡಿಯಲ್ಲೂ ಹೀಗೇ ಹೆದರಿಸ್ತಿದ್ರು. ತೋರಿಸ್ತಿದ್ದದ್ದು ನನ್ನನ್ನೇ. ನನಗಾಗ ನಾಲ್ಕು ವರ್ಷ. ಅದೇ ಸಾಲಲ್ಲಿ ಕೂತು ನಾನೂ ಉಣ್ತಿದ್ದೆ."

ರೇಣವ್ವ ನಾಚಿಕೆಯಿಂದ ನೆಲ ನೋಡಿದಳು.

ಅವತ್ತಿನಿಂದಲೇ ಮನೆಮನೆ ಹತ್ತಿ ಇಳಿದಳು. ತಾಯಂದಿರ ಎದುರೇ ಮಕ್ಕಳನ್ನು ಕೂರಿಸಿಕೊಂಡು, ನಾನು ಸುಳ್ಳು ಹೇಳಿದ್ದೆ, ಗುಮ್ಮ ಎಂಬುದು ಇಲ್ಲವೇ ಇಲ್ಲ ಎಂದಳು. ಕೆಲವರು ನಕ್ಕರು. ಒಬ್ಬಾಕೆ, ಆ ನರ್ಸಿನ ಮುಖ ಕಂಡರೆ ನಮಗೇ ಅಂಜಿಕೆ, ಕೂಸಿನದೇನು ಮಾತು ಎಂದಳು. ಇಷ್ಟು ವರ್ಷ ಗಳಿಸಿದ ಹೆಸರು ಒಂದೇ ವಾರದಲ್ಲಿ ಮಣ್ಣುಗೂಡಿತು. ಸುನೀತಾಳ ಮಕ್ಕಳ ಕಾಲಕ್ಕಾದರೂ ಒಬ್ಬರ ಬಣ್ಣ ಕಂಡು ಇನ್ನೊಬ್ಬರು ಓಡದಿರಲಿ ಎಂದು ಅವಳು ಆಸೆಪಟ್ಟಳು.

ಮುಂದಿನ ಗುರುವಾರ ಹನ್ನೊಂದು ಮಕ್ಕಳು ಬಂದವು. ಕಾವೇರಿಯನ್ನು ಕಳಿಸುವ ಮಾತು ಸದ್ಯಕ್ಕೆ ನಿಂತಿತು. ರೇಣವ್ವ ಮೊದಲು ಸುನೀತಾಳನ್ನೇ ತೊಡೆಯ ಮೇಲೆ ಕೂರಿಸಿಕೊಂಡಳು. ಹುಡುಗಿ ಕಾವೇರಿಯ ಮುಖವನ್ನು ಬಹಳ ಹೊತ್ತು ನೋಡಿದಳು, ಅಳಲಿಲ್ಲ. ಸೂಜಿ ಚುಚ್ಚಿದಾಗ ಮಾತ್ರ ಓಣಿಗೆಲ್ಲ ಕೇಳುವಂತೆ ಅತ್ತಳು. ಒಂದು ಕೂಸಿನ ಅಳು ಕೇಳಿ ರೇಣವ್ವನಿಗೆ ಯಾವತ್ತೂ ಇಷ್ಟು ಸಮಾಧಾನವಾಗಿರಲಿಲ್ಲ. ಇನ್ನೂ ಒಂಬತ್ತು ಮನೆ ಉಳಿದಿದ್ದವು. ಅವಳು ಚಪ್ಪಲಿ ಮೆಟ್ಟಿ ಹೊರಟಳು.