ತುಪ್ಪ ಕಾಯಿಸಿದ ಪಾತ್ರೆ

ನನ್ನ ಬಾಯಿ ಸ್ವಲ್ಪ ಜೋರು. ಮರ್ಫಿ ಟೌನಿನಲ್ಲಿ ಹುಟ್ಟಿ, ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತು ಗಂಟಲು ಬೆಳೆಸಿಕೊಂಡವಳು. ಮದುವೆಯಾಗಿ ಸಿ.ವಿ. ರಾಮನ್ ನಗರಕ್ಕೆ ಬಂದ ಮೇಲೂ ಅದು ತಗ್ಗಲಿಲ್ಲ. ಪಕ್ಕದ ಮನೆಯ ಶಾಂತಕುಮಾರಿ ಇದಕ್ಕೆ ಪೂರ್ತಿ ಉಲ್ಟಾ. ಗಂಡ ಕೃಷ್ಣಸ್ವಾಮಿ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು, ಮಗ ಅಭಿನವ್ ಗರುಡಾಚಾರ್‌ಪಾಳ್ಯಕ್ಕೆ ಕೆಲಸಕ್ಕೆ ಹೋಗುತ್ತಾನೆ. ಅವರಿಬ್ಬರ ತಿಂಡಿ, ಊಟ, ಡಬ್ಬಿ, ಇಷ್ಟರಲ್ಲೇ ಆಕೆಯ ದಿನ ಮುಗಿಯುತ್ತದೆ. ಆಕೆ ದನಿ ಎತ್ತಿದ್ದನ್ನು ನಾನಂತೂ ಕೇಳಿಲ್ಲ.

ಮುಟ್ಟು ನಿಲ್ಲುವ ಹೊತ್ತಿಗೆ ಆಕೆ ಮಂಕಾದರು. ಮೊದಮೊದಲು ಮೈಯೆಲ್ಲ ಬಿಸಿ, ಬೆವರು, ನಿದ್ದೆಯಿಲ್ಲ. ಬರಬರುತ್ತಾ ಅದೂ ಕಮ್ಮಿಯಾಗಿ, ಏನೂ ಇಲ್ಲದ ಹಾಗಾಯಿತು. ಅಭಿನವ್‌ಗೆ ಪ್ರಮೋಷನ್ ಬಂದಾಗ ನಮ್ಮ ಮನೆಗೆ ಮೈಸೂರುಪಾಕು ತಂದುಕೊಟ್ಟರು. ಮುಖದಲ್ಲಿ ನಗುವೇ ಇರಲಿಲ್ಲ.

"ಏನ್ರೀ, ಖುಷಿಯಾಗ್ಲಿಲ್ವಾ?" ಎಂದೆ.

"ಆಗ್ಬೇಕಿತ್ತು. ಏನೂ ಅನ್ಸಲ್ಲ ಸುಕನ್ಯಾ. ಹಸಿವೂ ಆಗಲ್ಲ, ಅಳೂನೂ ಬರಲ್ಲ." ಇವತ್ತು ಹಾಲಿನವನು ಬರಲಿಲ್ಲ ಎಂದು ಹೇಳುವ ದನಿಯಲ್ಲೇ ಹೇಳಿದರು.

ನನಗೆ ಹೆದರಿಕೆಯಾಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಏರಿತ್ತು. ಡಾಕ್ಟರಮ್ಮ ವರದಿ ನೋಡಿ, "ಮುಟ್ಟು ನಿಂತ್ಮೇಲೆ ಇದು ಏರೋದು ಇದ್ದಿದ್ದೇ. ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದ್ರೆ ಇತ್ತಾ?" ಎಂದು ಕೇಳಿದರು. ಶಾಂತಾ ಹೇಳಿದರು. ಅವರ ಅಕ್ಕ ಇದೇ ವಯಸ್ಸಿನಲ್ಲಿ ಹಲಸೂರಿನ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲೇ ಇಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಮೂರು ತಿಂಗಳು ಊಟ ಸರಿ ಮಾಡ್ಕೊಳ್ಳಿ, ದಿನಾ ನಡೀರಿ. ಇಳೀಲಿಲ್ಲ ಅಂದ್ರೆ ಮಾತ್ರೆ ಕೊಡ್ತೀನಿ," ಎಂದರು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಶಾಂತಾ ನನ್ನ ಕೈ ಹಿಡಿದುಕೊಂಡರು. "ಅಕ್ಕನ ಥರ ಬೀದೀಲಿ ಹೋಗ್ಬಾರ್ದು ನಾನು," ಎಂದರು. ಅಷ್ಟೇ.

ಅಬ್ಬಾ, ಆಮೇಲೆ ಆ ಹೆಂಗಸು ಮಾಡಿದ ಪಥ್ಯ! ಬೆಳಗ್ಗೆ ನನ್ನ ಜೊತೆ ಕಗ್ಗದಾಸಪುರದ ಕೆರೆ ಸುತ್ತುವುದು. ಬಂದು ನೆನೆಸಿದ ಮೆಂತ್ಯ. ಕರಿದದ್ದಿಲ್ಲ, ಸಿಹಿಯಿಲ್ಲ. ಒಂದು ಮುದ್ದೆ, ಬೇಯಿಸಿದ ಹುರುಳಿಕಾಳು, ಎಣ್ಣೆಯಿಲ್ಲದ ಸೊಪ್ಪಿನ ಪಲ್ಯ. ಅದೂ ಕೂತು ಉಣ್ಣುವುದಲ್ಲ. ಪಾತ್ರೆಯ ಮುಚ್ಚಳಕ್ಕೇ ಹಾಕಿಕೊಂಡು, ಒಲೆಯ ಪಕ್ಕ ನಿಂತು ಎರಡು ನಿಮಿಷದಲ್ಲಿ ಮುಗಿಸುವುದು. ಗಂಡನಿಗೂ ಮಗನಿಗೂ ಬೇರೆ ಅಡುಗೆ, ಮೇಲೆ ತುಪ್ಪ.

"ಎಲ್ರಿಗೂ ಒಂದೇ ಮಾಡ್ರೀ, ಯಾಕೆ ಎರಡೆರಡು ಸಲ ಸಾಯ್ತೀರಾ?" ಎಂದು ಬೈದೆ.

"ಸಪ್ಪೆ ಊಟ ಅವ್ರಿಗೆ ಸೇರಲ್ಲ ಕಣ್ರೀ."

ಮೂರು ತಿಂಗಳು ಕಳೆದು ಮತ್ತೆ ಪರೀಕ್ಷೆ ಮಾಡಿಸಿದರೆ ಕೊಲೆಸ್ಟ್ರಾಲ್ ಇಳಿಯುವುದಿರಲಿ, ಇನ್ನಷ್ಟು ಏರಿ ಕೂತಿದೆ! ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, "ಕದ್ದು ಏನಾದ್ರೂ ತಿಂತಿದೀರಾ?" ಎಂದುಬಿಟ್ಟರು. ಶಾಂತಾ ಇಲ್ಲವೆಂದು ತಲೆಯಾಡಿಸಿದರು. ನನಗೆ ಎಲ್ಲಿತ್ತೋ ಸಿಟ್ಟು. "ಏನ್ ಡಾಕ್ಟ್ರೇ ಹಿಂಗಂತೀರಾ? ನಾನು ಕಣ್ಣಾರೆ ನೋಡಿದೀನಿ. ಇವ್ರಷ್ಟು ಪಥ್ಯ ಈ ಏರಿಯಾದಲ್ಲೇ ಯಾರೂ ಮಾಡಿಲ್ಲ," ಎಂದು ಜಗಳಕ್ಕೇ ನಿಂತೆ. ಅವರು ಮಾತು ಬೆಳೆಸದೆ ಮಾತ್ರೆ ಬರೆದುಕೊಟ್ಟರು. "ಇದನ್ನ ತಗೊಳ್ಳಿ. ಆದ್ರೆ ಏನೇನು ಬಾಯಿಗೆ ಹೋಗ್ತಿದೆ ಅಂತ ನೋಡ್ಕೊಳ್ಳಿ," ಎಂದರು.

ಆಟೋದಲ್ಲಿ ಶಾಂತಾ ಹೊರಗೆ ನೋಡುತ್ತಾ ಕೂತಿದ್ದರು. "ನಮ್ಮಕ್ಕಂಗೂ ಹಿಂಗೇ ಇತ್ತೇನೋ," ಎಂದರು. ನಾನು ಆಟೋ ನಿಲ್ಲಿಸಿ, ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಂಡು ಬ್ಯಾಗಿಗೆ ಹಾಕಿಕೊಂಡೆ.

ಮಾತ್ರೆಯ ಪೊಟ್ಟಣ ನನ್ನ ಬ್ಯಾಗಿನಲ್ಲೇ ಉಳಿದಿತ್ತು. ಮಾರನೆಯ ದಿನ ಮಧ್ಯಾಹ್ನ ಕೊಡಲು ಹೋದೆ. ಬಾಗಿಲಲ್ಲೇ ಬೆಣ್ಣೆ ಕಾಯಿಸಿದ ಘಮ. ತುಪ್ಪ ಡಬ್ಬಿಗೆ ಸೇರಿತ್ತು. ಶಾಂತಾ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಆ ಪಾತ್ರೆಗೆ ಬಿಸಿ ಅನ್ನ ಸುರಿದುಕೊಂಡು, ತಳದ ಗಸಿ, ಗರಿಗರಿಯಾದ ನುಗ್ಗೆಸೊಪ್ಪು ಎಲ್ಲ ಸೇರಿಸಿ, ಉಪ್ಪು ಹಾಕಿ, ಸುತ್ತಲೂ ಒರೆಸಿ ಕಲಸುತ್ತಿದ್ದರು. ಬೆರಳೆಲ್ಲ ತುಪ್ಪ.

"ಅಯ್ಯೋ ನಿಮ್ಮ! ಏನ್ರೀ ತಿಂತಿದೀರಾ?"

ಶಾಂತಾ ನಿಜವಾಗಿಯೂ ಅರ್ಥವಾಗದೆ ನನ್ನನ್ನು ನೋಡಿದರು. "ತಿಂತಿಲ್ವಲ್ಲ. ಪಾತ್ರೆ ತೊಳೀತಿದೀನಿ."

ಸುಳ್ಳು ಹೇಳುವ ಮುಖವಲ್ಲ ಅದು. ನಮ್ಮ ಕಡೆ ತುಪ್ಪ ಕಾಯಿಸಿದ ಪಾತ್ರೆಯನ್ನು ಯಾರೂ ಹಾಗೇ ತೊಳೆಯುವುದಿಲ್ಲ. ಚಿಕ್ಕವರಿದ್ದಾಗ ಅದಕ್ಕೆ ಮಕ್ಕಳು ಕಿತ್ತಾಡುತ್ತಾರೆ, ದೊಡ್ಡವರಾದ ಮೇಲೆ ಅದು ಅಮ್ಮನ ಪಾಲು. ಪಲ್ಯದ ಬಾಣಲೆಗೂ ಅದೇ ಗತಿ. ಅಭಿನವ್ ಬಿಟ್ಟ ಅರ್ಧ ವಡೆ, ಗಂಡನ ತಟ್ಟೆಯಲ್ಲಿ ಮಿಕ್ಕ ಪೂರಿ, ಎಲ್ಲವೂ ಆಕೆಯ ಬಾಯಿಗೇ ಹೋಗಿರಬೇಕು. ಊಟ ಅಂತ ಆಕೆ ಲೆಕ್ಕಕ್ಕೆ ಹಿಡಿದದ್ದು ಮುಚ್ಚಳದಲ್ಲಿನ ಮುದ್ದೆಯನ್ನು ಮಾತ್ರ. ಹಸಿವೆಲ್ಲಿಂದ ಆಗಬೇಕು?

ನನ್ನ ಗಲಾಟೆಗೆ ಕೃಷ್ಣಸ್ವಾಮಿ ಪೇಪರ್ ಹಿಡಿದುಕೊಂಡೇ ಬಂದರು. ವಿಷಯ ಹೇಳಿದೆ.

"ತುಪ್ಪದ ಪಾತ್ರೆ ಹಾಗೇ ತೊಳೆಯೋಕಾಗತ್ತಾ ಸುಕನ್ಯಾ ಅವ್ರೆ? ದಂಡ ಅಲ್ವಾ?" ಎಂದರು.

"ಹಾಗಾದ್ರೆ ನೀವೇ ತಿನ್ನಿ. ತಗೊಳ್ಳಿ!"

"ಅಯ್ಯೋ, ನಂಗೆ ಬಿ.ಪಿ. ಇದೆಯಲ್ರೀ."

ಹೇಳಿದ ಮೇಲೆ ಅವರಿಗೇ ಕೇಳಿಸಿತೇನೋ, ಪೇಪರ್ ಮಡಿಸತೊಡಗಿದರು. ಶಾಂತಾ ಗಂಡನನ್ನು ನೋಡಿದರು. ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಆಮೇಲೆ ತಿರುಗಿ, ಪಾತ್ರೆಯ ಅನ್ನವನ್ನು ಕಸದ ಡಬ್ಬಿಗೆ ಸುರಿದು, ಸೋಪು ಹಾಕಿ ಉಜ್ಜಿದರು.

"ಬನ್ನಿ, ಕೂತ್ಕೊಂಡು ಊಟ ಮಾಡಿ. ನಿಮ್ಮ ತಟ್ಟೆ ಯಾವ್ದು?" ಎಂದೆ.

ಶಾಂತಾ ತಟ್ಟೆ ಸ್ಟ್ಯಾಂಡಿನ ಮುಂದೆ ನಿಂತರು. ಅಗಲವಾದದ್ದು ಗಂಡನದು. ಹೆಸರು ಕೊರೆಸಿದ್ದು ಅಭಿನವ್‌ನದು. ಉಳಿದವು ನೆಂಟರಿಗೆ. "ನಂದು ಅಂತ..." ಎಂದರು. ಕೃಷ್ಣಸ್ವಾಮಿ ಕೈ ಚಾಚಿ ನೆಂಟರ ತಟ್ಟೆಯೊಂದನ್ನು ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಟೇಬಲ್ಲಿನ ಮೇಲಿಟ್ಟರು.

ನಾನು ಬಡಿಸಿದೆ. ಮುದ್ದೆ, ಹುರುಳಿಕಾಳು, ಸೊಪ್ಪು. ಶಾಂತಾ ಕೂತು ನಿಧಾನವಾಗಿ ಉಂಡರು. ಮುದ್ದೆ ಮುಗಿಯುವಾಗ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಏನಾಯ್ತ್ರೀ?"

"ಹಸಿವಾಗ್ತಿದೆ ಸುಕನ್ಯಾ. ಇನ್ನೂ ಹಸಿವಾಗ್ತಿದೆ."

ಇನ್ನೊಂದು ಮುದ್ದೆ ತರಲು ಕೃಷ್ಣಸ್ವಾಮಿಯೇ ಒಳಗೆ ಹೋದರು. ಹೆಂಡತಿಯ ಅಡುಗೆ ಯಾವ ಪಾತ್ರೆಯಲ್ಲಿರುತ್ತದೆ ಎಂದು ಗೊತ್ತಿಲ್ಲದೆ, ಒಂದೊಂದೇ ಮುಚ್ಚಳ ತೆಗೆದು ನೋಡುತ್ತಾ ನಿಂತರು.